ಇಂದಿನ ಚಿಂತನೆ: ದಾಂಪತ್ಯಕ್ಕೆ ಸಾಕ್ಷಿ ಯಾವುದು?



ಬಂಧುಗಳೇ, ಇವತ್ತು ನಮ್ಮ ಮನೆಯಲ್ಲೇ ನಡೆದ ಒಂದು ವಿಷಯ ಹೇಳುತ್ತೇನೆ.

ನನ್ನ ಅಕ್ಕನ ಮಗಳ ಮದುವೆ ಹೋದ ವರ್ಷ ಬುದ್ಧವಿಹಾರದಲ್ಲಿ ಆಯಿತು. ಮುಹೂರ್ತ ನೋಡಲಿಲ್ಲ, ತಾಳಿ ಕಟ್ಟಲಿಲ್ಲ. ತ್ರಿಶರಣ, ಪಂಚಶೀಲ ಹೇಳಿ, ಪ್ರತಿಜ್ಞೆ ಮಾಡಿ, ಹಾರ ಬದಲಾಯಿಸಿಕೊಂಡರು. ಬಂದವರು 60 ಜನ. ಹುಡುಗ ಕೆನಡಾದಲ್ಲಿ ಕಾಯಂ ನಿವಾಸಿ. ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಬೇಕಿತ್ತು.

ಅಲ್ಲಿನ ವಲಸೆ ಕಾನೂನು ಎರಡು ಪ್ರಶ್ನೆ ಕೇಳುತ್ತದೆ. ಈ ಮದುವೆ ಮುಖ್ಯವಾಗಿ ಆ ದೇಶದಲ್ಲಿ ನೆಲೆಸುವ ಹಕ್ಕಿಗಾಗಿಯೇ ಆದದ್ದೇ? ಈ ಸಂಬಂಧ ನಿಜವಾದದ್ದೇ? ನಿಜವೆಂದು ತೋರಿಸುವ ಹೊಣೆ ಗಂಡ ಹೆಂಡತಿಯದು. ಫೋಟೊ, ಫೋನ್ ಕರೆಗಳ ವಿವರ, ಹಣ ಕಳಿಸಿದ ದಾಖಲೆ, ಬಂಧುಗಳ ಪತ್ರ, ಎಲ್ಲ ಜೋಡಿಸಿ ಕೊಡಬೇಕು.

ಅರ್ಜಿ ತುಂಬಿಸಿಕೊಡುವ ಏಜೆಂಟ್ ನಮ್ಮ ಫೋಟೊ ನೋಡಿ ತಲೆ ಅಲ್ಲಾಡಿಸಿದರು. "ಇಂಡಿಯಾದ ಮದುವೆ ಅಂದರೆ ಛತ್ರ, ಪುರೋಹಿತರು, ತಾಳಿ, ಸಾವಿರ ಜನ ಇರಬೇಕು ಮೇಡಂ. ಒಂದು ದಿನ ಶಾಸ್ತ್ರಕ್ಕೆ ಕೂರಿಸಿ ಫೋಟೊ ತೆಗೆಸಿಬಿಡಿ" ಎಂದರು. ನನಗೂ ಒಂದು ಕೆಲಸ ಹಚ್ಚಿದರು. ಸಂಬಂಧ ಕೂಡಿಬಂದ ನಾಲ್ಕೇ ತಿಂಗಳಿಗೆ ಮದುವೆಯಾಗಿತ್ತು. ಇಬ್ಬರಿಗೂ ಎರಡು ವರ್ಷದ ಪರಿಚಯ ಎಂದು ನಾನು ಪತ್ರ ಬರೆದುಕೊಡಬೇಕಂತೆ.

ಹುಡುಗಿ ಫೋನಿನಲ್ಲಿ ಅತ್ತಳು. "ಚಿಕ್ಕಮ್ಮ, ನಮ್ಮ ಮದುವೆ ನಿಜ ತಾನೇ? ಅದನ್ನ ಉಳಿಸಿಕೊಳ್ಳೋಕೆ ಒಂದು ಸಾಲು ಸುಳ್ಳು ಬರೆದರೆ ಏನಾಗುತ್ತೆ?"

ಪೆನ್ನು ಹಿಡಿದು ಕೂತೆ. ಬರೆದುಬಿಡೋಣ ಎಂದೇ ಅನ್ನಿಸಿತು. ಜಾತಿ ಪ್ರಮಾಣಪತ್ರದಿಂದ ಹಿಡಿದು, ನಾವು ಯಾರೆಂದು ಕಚೇರಿ ಕಚೇರಿಯಲ್ಲಿ ಸಾಬೀತು ಮಾಡುತ್ತಲೇ ಬಂದವರು ನಾವು. ಇನ್ನೂ ಎಷ್ಟು ಅಂತ?

ಆಗ ಸಿಗಾಲ ನೆನಪಾದ. ರಾಜಗೃಹದ ಆ ತರುಣ, ಅಪ್ಪ ಹೇಳಿಹೋದನೆಂದು ದಿನಾ ಬೆಳಿಗ್ಗೆ ಆರು ದಿಕ್ಕಿಗೂ ಕೈಮುಗಿಯುತ್ತಿದ್ದ. ಪಶ್ಚಿಮ ದಿಕ್ಕೆಂದರೆ ಹೆಂಡತಿ ಮಕ್ಕಳು ಎಂದು ಬುದ್ಧರು ಅವನಿಗೆ ತಿಳಿಸಿದರು. ಹೆಂಡತಿಯನ್ನು ಗೌರವಿಸುವುದು, ಹೀಯಾಳಿಸದಿರುವುದು, ನಿಷ್ಠೆಯಿಂದಿರುವುದು, ಮನೆಯ ಅಧಿಕಾರ ಕೊಡುವುದು, ಒಡವೆ ಕೊಡುವುದು ಗಂಡನ ಐದು ಕರ್ತವ್ಯಗಳು. ಹೆಂಡತಿಗೂ ಐದು. ಬುದ್ಧರು ದಾಂಪತ್ಯವನ್ನು ಅಳೆದದ್ದು ದಿನದಿನದ ನಡತೆಯಿಂದ.

ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳಾಡುವುದಿಲ್ಲ ಎಂಬುದೂ ಇದೆ, ಬ್ರಾಹ್ಮಣರಿಂದ ಕರ್ಮಗಳನ್ನು ಮಾಡಿಸುವುದಿಲ್ಲ ಎಂಬುದೂ ಇದೆ. ಆ ಫೋಟೊ ಎರಡನ್ನೂ ಮುರಿಯುತ್ತಿತ್ತು. ಅದನ್ನು ನೋಡಿ ಅಧಿಕಾರಿ ಒಪ್ಪಿದರೂ, ಒಪ್ಪಿದ್ದು ನಡೆಯದೇ ಇದ್ದ ಮದುವೆಯನ್ನು. ವಿಹಾರದಲ್ಲಿ ನಡೆದ ಮದುವೆಯನ್ನು ನಾವೇ ಮುಚ್ಚಿಟ್ಟಂತೆ. ಸುಳ್ಳು ಸಿಕ್ಕಿಬಿದ್ದರೆ ಐದು ವರ್ಷ ಆ ದೇಶಕ್ಕೆ ಪ್ರವೇಶವಿಲ್ಲ, ಅದು ಬೇರೆ. ಆದರೆ ಬರೀ ಭಯಕ್ಕೆ ಸುಳ್ಳು ಬಿಟ್ಟರೆ ಅದನ್ನು ಶೀಲ ಎನ್ನಲಾಗದು.

ನಾನು ಕಂಡದ್ದನ್ನೇ ಬರೆದೆ. ನಾಲ್ಕು ತಿಂಗಳು ಎಂದೇ ಬರೆದೆ. ತಾಳಿ ಏಕಿಲ್ಲ, ಜನ ಏಕೆ ಕಡಿಮೆ ಎಂದು ವಿವರಿಸಿದೆ. ಅಕ್ಕನಿಗೆ ಆಪರೇಷನ್ ಆದಾಗ ಇಲ್ಲಿ ಡಾಕ್ಟರ್ ಬಂದುಹೋಗುವ ಹೊತ್ತಿಗೆ ಅಲ್ಲಿ ನಡುರಾತ್ರಿ. ಅಳಿಯ ನಿದ್ದೆಗೆಟ್ಟು ಫೋನ್ ಮಾಡಿ ಏನು ಹೇಳಿದರೆಂದು ಕೇಳುತ್ತಿದ್ದರು. ಬಿ.ಎಡ್. ಮುಗಿಸಿಕೊಂಡೇ ಬಾ ಎಂದು ಅವಳ ಫೀಸು ಕಟ್ಟಿದರು. ಒಮ್ಮೆ ಜಗಳವಾಗಿ ಎರಡು ದಿನ ಇಬ್ಬರೂ ಮಾತು ಬಿಟ್ಟಿದ್ದರು. ಅದನ್ನೂ ಬರೆದೆ.

ಪ್ರಶ್ನೆ ಕೇಳುವ ಅಧಿಕಾರಿಯ ಮೇಲೆ ನನಗೆ ಕೋಪವಿಲ್ಲ. ಸುಳ್ಳು ಮದುವೆಗಳು ಇರುವುದರಿಂದಲೇ ಆ ಪ್ರಶ್ನೆ ಹುಟ್ಟಿದೆ. ನಾವೂ ಒಂದು ಸುಳ್ಳು ಸೇರಿಸಿದರೆ, ನಾಳೆ ಇದೇ ವಿಹಾರದಲ್ಲಿ ಮದುವೆಯಾಗುವ ಇನ್ನೊಂದು ಜೋಡಿಗೆ ದಾರಿ ಇನ್ನಷ್ಟು ಕಷ್ಟ.

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ತಿರಸ್ಕಾರವಾದರೆ ಹುಡುಗಿ ನನ್ನ ಮೇಲೆ ನೊಂದುಕೊಳ್ಳಬಹುದು. ಆ ಭಾರ ಎದೆಯಲ್ಲಿದೆ. ಆದರೂ ಆ ಪತ್ರವನ್ನು ಮತ್ತೆ ಬರೆ ಎಂದರೆ ಹಾಗೆಯೇ ಬರೆಯುತ್ತೇನೆ.

ಇಂದು ನಾವೆಲ್ಲ ಯೋಚಿಸೋಣ. ನಿಮ್ಮ ದಾಂಪತ್ಯ ನಿಜವೆಂದು ತೋರಿಸಿ ಎಂದು ಯಾರಾದರೂ ಕೇಳಿದರೆ, ಮದುವೆಯ ಆಲ್ಬಂ ಬಿಟ್ಟು ತೋರಿಸಲು ನಮ್ಮಲ್ಲಿ ಏನಿದೆ?

ಭವತು ಸಬ್ಬ ಮಂಗಲಂ.