ಪಥಿಕನ ನೀರು

ಪ್ರಯಾಣಕ್ಕೆ ಹೊರಡುವವನು ಬುತ್ತಿಯನ್ನು ಕಟ್ಟಿಕೊಳ್ಳುವುದು ಈ ನಾಡಿನ ಹಳೆಯ ವಾಡಿಕೆ. ಆದರೆ ಕೊಡಗಟ್ಟಲೆ ನೀರನ್ನು ಹೊತ್ತುಕೊಂಡು ಹೊರಡುವ ವಾಡಿಕೆಯು ಬಯಲುಸೀಮೆಯಲ್ಲಿ ಇರಲಿಲ್ಲ. ಕೈಯಲ್ಲೊಂದು ತಂಬಿಗೆ, ಅದರ ಕೊರಳಿಗೊಂದು ಹಗ್ಗ, ಇಷ್ಟಿದ್ದರೆ ಸಾಕಾಗಿತ್ತು. ಅನ್ನವು ಪ್ರಯಾಣಿಕನ ಹೊಣೆ, ನೀರು ದಾರಿಯಲ್ಲಿನ ಊರುಗಳ ಹೊಣೆ ಎಂಬ ಒಪ್ಪಂದವೊಂದನ್ನು ಯಾರೂ ಬರೆದಿಡದಿದ್ದರೂ ಬಹುಮಂದಿ ನಡೆಸಿಕೊಂಡು ಬಂದಿದ್ದರು. ಈಗ ಅದು ತಿರುಗುಮುರುಗಾಗಿದೆ. ಊಟವನ್ನು ದಾರಿಯ ಹೋಟೆಲಿನಲ್ಲಿ ನಿಶ್ಚಿಂತೆಯಿಂದ ಮಾಡುವವರೇ ನೀರನ್ನು ಮಾತ್ರ ಮನೆಯಿಂದ ತುಂಬಿಕೊಂಡು ಹೊರಡುತ್ತಾರೆ. ಈ ಸಣ್ಣ ಬದಲಾವಣೆಯ ಹಿಂದೆ ಒಂದು ದೊಡ್ಡ ಧರ್ಮಜಿಜ್ಞಾಸೆ ಅಡಗಿದೆ. ದಾರಿಯ ನೀರು ಯಾರದು? ಅದನ್ನು ಹೊತ್ತವನಿಗೆ ಇತರರ ವಿಷಯದಲ್ಲಿ ಕರ್ತವ್ಯವೇನು? ಕೊಟ್ಟ ನೀರನ್ನು ಯಾವಾಗ ಸ್ವೀಕರಿಸಬೇಕು, ಯಾವಾಗ ಬೇಡವೆನ್ನಬೇಕು?

ವೇಮಗಲ್ಲಿನ ಸೀಮೆಯವರಿಗೆ ಇದು ಒಣ ತರ್ಕವಲ್ಲ. ಕೋಲಾರ, ಮಾಲೂರು, ಮುಳುಬಾಗಿಲು, ಶ್ರೀನಿವಾಸಪುರಗಳ ಈ ನೆಲದಲ್ಲಿ ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲ. ಪಾಲಾರ್ ನದಿಯು ಈ ಜಿಲ್ಲೆಯ ಮೂಲಕ ಸಾಗುವುದಾದರೂ ವರ್ಷದ ಬಹುಭಾಗ ಅದರ ಪಾತ್ರದಲ್ಲಿ ಮರಳೇ ಕಾಣುತ್ತದೆ. ಕೋಲಾರದ ಶತಶೃಂಗ ಪರ್ವತದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಇಳಿಯುವ ನೀರಿನ ಧಾರೆಯನ್ನು ಜನ ದೈವದ ಪ್ರಸಾದವೆಂದು ಕಂಡಿರುವುದು ಇದರಿಂದಲೇ. ಉಳಿದುದೆಲ್ಲ ಕೆರೆ, ಕುಂಟೆ, ಕಲ್ಯಾಣಿಗಳ ಕೃಪೆ. ಇಂಥ ನೆಲದಲ್ಲಿ ಬೇಸಿಗೆ ಬಂದೊಡನೆ ದಾರಿಯ ಬದಿಯಲ್ಲಿ ಚಪ್ಪರ ಹಾಕಿ, ಮರಳಿನ ಮೇಲೆ ಮಣ್ಣಿನ ಗಡಿಗೆಗಳನ್ನಿರಿಸಿ, ಹೋಗಿಬರುವವರಿಗೆ ನೀರೋ ಮಜ್ಜಿಗೆಯೋ ಕೊಡುವ ಅರವಟ್ಟಿಗೆಯನ್ನು ಪುಣ್ಯಕಾರ್ಯವೆಂದು ಎಣಿಸಿದರು. ಅಮರಕೋಶದಲ್ಲಿ ಇದಕ್ಕೆ ಪ್ರಪಾ, ಪಾನೀಯಶಾಲಿಕಾ ಎಂಬ ಹೆಸರುಗಳಿವೆ. ಯಜ್ಞಾದಿಗಳನ್ನು ಇಷ್ಟವೆಂದೂ, ಕೆರೆ, ಬಾವಿ, ತೋಪುಗಳನ್ನು ಪೂರ್ತವೆಂದೂ ವಿಂಗಡಿಸಿದ ಪ್ರಾಚೀನರು ಎರಡನ್ನೂ ಒಂದೇ ಸಮಾಸದಲ್ಲಿ ಸೇರಿಸಿ ಇಷ್ಟಾಪೂರ್ತವೆಂದು ಕರೆದರು.

ಆ ಕಾಲ ಸರಿದುಹೋಯಿತು. ಕೆರೆಗಳು ಹೂಳಿನಿಂದ ತುಂಬಿ, ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದುವು. ಗಟ್ಟಿಬಂಡೆಯ ಆಳದಿಂದ ಬರುವ ಆ ನೀರಿನಲ್ಲಿ ಅನೇಕ ಕಡೆ ಫ್ಲೋರೈಡು ಹೆಚ್ಚಾಗಿದ್ದು, ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರುತ್ತದೆ. ಅದನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಎಲುಬು ಗಡುಸಾಗುತ್ತದೆ. ಆದುದರಿಂದ ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದುವು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ದಿನವೂ ಹೋಗುವ ವಾಹನಗಳಲ್ಲಿ ಪ್ರತಿಯೊಬ್ಬ ಕಾರ್ಮಿಕನ ಚೀಲದಲ್ಲೂ ಒಂದು ಬಾಟಲಿ ಇರುತ್ತದೆ. ಇದು ತಪ್ಪಲ್ಲ, ವಿವೇಕವೇ. ಆದರೆ ಪ್ರತಿಯೊಬ್ಬನೂ ತನ್ನ ನೀರನ್ನು ತಾನೇ ಹೊತ್ತಮೇಲೆ ದಾರಿಹೋಕನಿಗಾಗಿ ಗಡಿಗೆಯಿಡುವವನು ಯಾರು?

ಇನ್ನೂ ಕಠಿನವಾದ ನೆಲವನ್ನು ಊಹಿಸಿದರೆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆಯಾದರೆ ಜೈಸಲ್ಮೇರಿನ ಮರುಭೂಮಿಯಲ್ಲಿ 200 ಮಿಲಿಮೀಟರೂ ಆಗದು. ನಾಲ್ಕು ಮಂದಿ ಮೋಟಾರು ವಾಹನದಲ್ಲಿ ಮೂರು ದಿನ ಅಂಥ ಮರಳುಗಾಡಿನಲ್ಲಿ ಸಂಚರಿಸುವರೆಂದು ಇಟ್ಟುಕೊಳ್ಳೋಣ. ತಲೆಗೆ ದಿನಕ್ಕೆ ಐದು ಲೀಟರಿನಂತೆ ಅರುವತ್ತು ಲೀಟರು ಬೇಕು. ಲೀಟರಿಗೆ ಒಂದು ಕಿಲೋಗ್ರಾಮಿನ ತೂಕವಾದುದರಿಂದ ನೀರು ಐದನೆಯ ಪ್ರಯಾಣಿಕನಂತೆ ವಾಹನದಲ್ಲಿ ಕುಳಿತಿರುತ್ತದೆ. ಅದನ್ನೆಲ್ಲ ಒಂದೇ ಪಾತ್ರೆಯಲ್ಲಿ ಇಡಬಾರದು, ಒಂದು ಒಡೆದರೆ ಇನ್ನೊಂದು ಉಳಿಯಬೇಕು. ಯಂತ್ರವನ್ನು ತಣಿಸಲು ಔಷಧ ಬೆರೆಸಿ ಹಾಕಿದ ನೀರು ವಿಷ, ಅದನ್ನು ನೆಚ್ಚುವಂತಿಲ್ಲ. ಆ ನಾಡಿನ ಜನ ಮಳೆಯ ನೀರನ್ನು ಟಾಂಕಾ ಎಂಬ ಮುಚ್ಚಿದ ತೊಟ್ಟಿಗಳಲ್ಲಿ ಶೇಖರಿಸಿಡುತ್ತಾರೆ. ಆದರೆ ಅದು ಒಂದು ಮನೆಯ ವರ್ಷದ ಬದುಕು. ದಾರಿ ತಪ್ಪಿ ಬಂದವನಿಗೆ ಅದರಿಂದ ಒಂದು ಲೋಟ ಕೊಡುವುದು ಔದಾರ್ಯ. ವಿನೋದಕ್ಕೆ ಬಂದವನು ತನ್ನ ಪಾತ್ರೆಗಳನ್ನೆಲ್ಲ ಅದರಲ್ಲಿ ತುಂಬಿಕೊಳ್ಳುವುದು ಅನ್ಯಾಯ. ಆದುದರಿಂದ ತನಗೆ ಬೇಕಾದುದನ್ನು ತಾನೇ ಹೊರುವುದು ಮೊದಲನೆಯ ಧರ್ಮ. ಸರ್ವವನ್ನೂ ತ್ಯಜಿಸಿದ ಸಂನ್ಯಾಸಿಯೂ ಕಮಂಡಲುವನ್ನು ತ್ಯಜಿಸಲಿಲ್ಲವೆಂಬುದನ್ನು ಗಮನಿಸಬೇಕು.

ಆದರೆ ಇದೇ ಕಡೆಯ ಧರ್ಮವೇ? ಯೆಹೂದ್ಯರ ತಾಲ್ಮೂದ್ ಗ್ರಂಥದಲ್ಲಿ ಒಂದು ಚರ್ಚೆಯಿದೆ. ಇಬ್ಬರು ದಾರಿಯಲ್ಲಿ ಹೋಗುತ್ತಿದ್ದಾರೆ. ಒಬ್ಬನ ಬಳಿ ಮಾತ್ರ ನೀರಿದೆ. ಒಬ್ಬನೇ ಕುಡಿದರೆ ಊರು ಸೇರುವನು, ಇಬ್ಬರೂ ಕುಡಿದರೆ ಇಬ್ಬರೂ ಸಾಯುವರು. ಒಬ್ಬನ ಸಾವನ್ನು ಇನ್ನೊಬ್ಬನು ನೋಡುವುದಕ್ಕಿಂತ ಇಬ್ಬರೂ ಕುಡಿದು ಸಾಯುವುದು ಮೇಲೆಂದು ಬೆನ್ ಪೆತೂರಾ ಹೇಳಿದನು. ನಿನ್ನ ಪ್ರಾಣವೇ ಮೊದಲೆಂದು ಅಕೀವನು ಹೇಳಿದನು. ಶ್ರೀಮದ್ಭಾಗವತದ ರಂತಿದೇವನು ಹಿಡಿದುದು ಮೂರನೆಯ ದಾರಿ. ನಲವತ್ತೆಂಟು ದಿನ ಅನ್ನನೀರಿಲ್ಲದೆ ಇದ್ದು, ದೊರೆತ ಅನ್ನವನ್ನು ಬಂದವರಿಗೆಲ್ಲ ಹಂಚಿ, ಕೊನೆಗೆ ಒಬ್ಬನಿಗಷ್ಟೇ ಸಾಲುವ ನೀರನ್ನೂ ಬಾಯಾರಿ ಬಂದ ಪುಲ್ಕಸನಿಗೆ ಕೊಟ್ಟುಬಿಟ್ಟನು.

ಈ ಮೂವರಲ್ಲಿ ಯಾರು ಸರಿ? ಅಕೀವನ ಮಾತನ್ನು ಅಧರ್ಮವೆನ್ನಲಾಗದು. ರಂತಿದೇವನ ನಡತೆಯನ್ನು ಎಲ್ಲರಿಗೂ ವಿಧಿಸಲಾಗದು. ಮೆಚ್ಚುವುದು ಬೇರೆ, ವಿಧಿಸುವುದು ಬೇರೆ. ಆದರೆ ಮೂವರೂ ನೀರು ಮುಗಿಯುತ್ತ ಬಂದಮೇಲಿನ ಗಳಿಗೆಯಲ್ಲಿ ನಿಂತವರೆಂಬುದು ವಿಚಾರಾರ್ಹವಾದ ಸಂಗತಿ. ಸಾಮಾನ್ಯ ಮನುಷ್ಯನ ಧರ್ಮವು ಆ ಗಳಿಗೆಗಿಂತ ಬಹಳ ಮೊದಲೇ, ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಪಾತ್ರೆಗಳನ್ನು ತುಂಬುವಾಗಲೇ ನಿರ್ಣಯವಾಗುತ್ತದೆ. ಅರುವತ್ತು ಲೀಟರಿನ ಜೊತೆಗೆ ಗುರುತಿಲ್ಲದವನಿಗೆಂದು ಇನ್ನೈದು ಲೀಟರನ್ನು ತುಂಬಿಕೊಂಡವನು ಆ ಘೋರವಾದ ಪ್ರಶ್ನೆಯನ್ನು ಎದುರಿಸುವ ಸಂಭವವೇ ಕಡಿಮೆ. ಮಹಾತ್ಯಾಗವು ವಿರಳರಿಗೆ ಸಾಧ್ಯ. ಒಂದು ಪಾತ್ರೆಯನ್ನು ಹೆಚ್ಚಾಗಿ ತುಂಬುವುದು ಎಲ್ಲರಿಗೂ ಸಾಧ್ಯ. ಅರವಟ್ಟಿಗೆಯೆಂಬುದು ಈ ಹೆಚ್ಚಿನ ಪಾತ್ರೆಯೇ. ಊರೆಲ್ಲ ಸೇರಿ ತುಂಬಿದುದು ಎಂಬುದಷ್ಟೇ ವ್ಯತ್ಯಾಸ.

ಇನ್ನು ಸ್ವೀಕರಿಸುವವನ ಧರ್ಮ. ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನು ಕ್ಷಾಮಕಾಲದಲ್ಲಿ ಮಾವಟಿಗನೊಬ್ಬನು ತಿನ್ನುತ್ತಿದ್ದ ಕಾಳನ್ನು ಬೇಡಿ ತಿಂದನು. ಆದರೆ ಅವನು ಕುಡಿದು ಮಿಕ್ಕ ನೀರನ್ನು ಎಂಜಲೆಂದು ಬೇಡವೆಂದನು. ಕಾಳು ಎಂಜಲಲ್ಲವೇ ಎಂದು ಕೇಳಿದಾಗ, ಅದಿಲ್ಲದೆ ಪ್ರಾಣ ಉಳಿಯುತ್ತಿರಲಿಲ್ಲ, ನೀರಾದರೆ ಬೇಕಾದಲ್ಲಿ ಸಿಕ್ಕುತ್ತದೆ ಎಂಬರ್ಥದ ಉತ್ತರ ಕೊಟ್ಟನು. ಆಪದ್ಧರ್ಮವು ಆಪತ್ತು ಇರುವವರೆಗೆ ಮಾತ್ರ ಎಂಬ ಸೂಕ್ಷ್ಮವು ಇಲ್ಲಿದೆ. ಆದರೆ ನೀರು ಎಲ್ಲೆಡೆಯೂ ಸಿಕ್ಕುವುದೆಂಬ ಅವನ ಆಧಾರವಾಕ್ಯವು ಮರುಭೂಮಿಯಲ್ಲಿ ನಿಲ್ಲದು. ಇಂದು ಕೋಲಾರದಲ್ಲಿಯೂ ನಿಲ್ಲದು.

ಮಹಾಭಾರತದ ಅಶ್ವಮೇಧಪರ್ವದ ಉತ್ತಂಕನದು ಮರುಭೂಮಿಯದೇ ಕಥೆ. ನೆನೆದಾಗ ನೀರು ದೊರೆಯಲೆಂದು ಕೃಷ್ಣನಿಂದ ವರ ಪಡೆದಿದ್ದ ಆ ಋಷಿಯು ಬಾಯಾರಿದಾಗ, ನಾಯಿಗಳಿಂದ ಸುತ್ತುವರಿದ ಚಂಡಾಲನೊಬ್ಬನು ಕರುಣೆಯಿಂದ ನೀರು ನೀಡಬಂದನು. ಆ ನೀರು ಬರುವ ಬಗೆಯೂ ಜುಗುಪ್ಸೆ ಹುಟ್ಟಿಸುವಂತಿತ್ತು. ಉತ್ತಂಕನು ಸಿಟ್ಟಿನಿಂದ ನಿರಾಕರಿಸಿದನು. ಬಂದವನು ಇಂದ್ರ, ತಂದದ್ದು ಅಮೃತ ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಉತ್ತಂಕನು ಎರಡು ಸಂಗತಿಗಳನ್ನು ಒಂದಾಗಿ ಬೆರೆಸಿದನು: ಕೊಡುವ ಕೈ, ಕೊಟ್ಟ ನೀರು. ನೀರನ್ನು ಪರೀಕ್ಷಿಸುವುದು ವಿವೇಕ. ಕೈಯನ್ನು ಪರೀಕ್ಷಿಸುವುದು ಪಾಪ. ಈ ನಾಡಿನ ಜನ ಬಹುಕಾಲ ಇದನ್ನು ತಲೆಕೆಳಗಾಗಿ ನಡೆಸಿದರು. ಕೆರೆಯ ನೀರು ಹಸಿರುಗಟ್ಟಿದ್ದರೂ ಕುಡಿದರು. ತಿಳಿನೀರಿನ ಬಾವಿಗೆ ಕೆಲವರು ಹಗ್ಗ ಬಿಡದಂತೆ ತಡೆದರು. ಪುಣ್ಯದ ಅರವಟ್ಟಿಗೆಯಲ್ಲೂ ಅಂಥವರ ಬೊಗಸೆಗೆ ದೂರದಿಂದ ಸುರಿದರು. ಮಹಾಡಿನ ಚವದಾರ ಕೆರೆಯ ನೀರನ್ನು ಮುಟ್ಟಿ ಕುಡಿಯಲು 1927ರಲ್ಲಿ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತು. 1950ರ ಸಂವಿಧಾನವು ಬಾವಿ, ಕೆರೆಗಳನ್ನು ಎಲ್ಲರಿಗೂ ತೆರೆಯಿತು. ಬಾವಿಗಳು ಕಾನೂನಿನಲ್ಲಿ ತೆರೆದುವು. ತೆರೆದ ಕೆಲವು ದಶಕಗಳಲ್ಲಿ ಬತ್ತಿಯೂ ಹೋದುವು.

ನಾಣ್ಯದ ಯಂತ್ರವು ಜಾತಿಯನ್ನು ಕೇಳುವುದಿಲ್ಲ, ಆದುದರಿಂದ ಹಳೆಯ ಅರವಟ್ಟಿಗೆಗಿಂತ ಅದೇ ಮೇಲಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ, ಹಿಂದೆ ದೂರ ನಿಲ್ಲಿಸಲ್ಪಟ್ಟವನಿಗೆ ಆ ಯಂತ್ರವು ನಿಜವಾಗಿ ಗೌರವವನ್ನೇ ಕೊಟ್ಟಿದೆ. ಆದರೆ ಅದು ನಾಣ್ಯವನ್ನಂತೂ ಕೇಳುತ್ತದೆ. ನಾಣ್ಯವಿಲ್ಲದ ಪಥಿಕನಿಗೆ ಅದು ಮೂಕ. ಹಳೆಯದರ ಕರುಣೆ, ಹೊಸದರ ಸಮತೆ, ಎರಡೂ ಕೂಡಿದ ಅರವಟ್ಟಿಗೆಯೇ ಬೇಕಾದುದು.

2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, ಅಂತರ್ಜಲ ಹೆಚ್ಚಲೆಂದು ಕೋಲಾರದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಮಹಾನಗರದ ಎಂಜಲು ನೀರೆಂದು ಇದನ್ನು ಹಳಿಯುವವರೂ ಉಂಟು, ಬತ್ತಿದ ಕೆರೆಯಲ್ಲಿ ನೀರು ಕಂಡು ಕಣ್ತುಂಬಿಕೊಂಡವರೂ ಉಂಟು. ಉಷಸ್ತಿ ಉತ್ತಂಕರ ಪ್ರಶ್ನೆಯೇ ಇಲ್ಲಿ ಒಂದು ಜಿಲ್ಲೆಯ ಮುಂದೆ ಬಂದು ನಿಂತಿದೆ. ಇದು ಎಂಜಲೆಂಬ ಅಭಿಮಾನದಿಂದ ನಿರಾಕರಿಸುವುದು ಉತ್ತಂಕನ ತಪ್ಪು. ಬಾಯಾರಿದವನು ಆರಿಸಬಾರದೆಂದು ಸುಮ್ಮನಿರಿಸುವುದು ಅದಕ್ಕಿಂತ ದೊಡ್ಡ ತಪ್ಪು. ಮೂರನೆಯ ಹಂತದ ಸಂಸ್ಕರಣವೂ ಆಗಬೇಕೆಂದು ಇಲ್ಲಿನ ರೈತರು ಕೇಳುವುದು ಕೃತಘ್ನತೆಯಲ್ಲ; ಅದು ನೀರಿನ ಪರೀಕ್ಷೆ, ಕೈಯ ಪರೀಕ್ಷೆಯಲ್ಲ. ಕೊಡುವವನು ತಾನು ಕುಡಿಯಲು ಹಿಂಜರಿಯುವ ನೀರನ್ನು ದಾನವೆಂದು ಕರೆಯುವಂತಿಲ್ಲ.

ತನ್ನ ನೀರನ್ನು ತಾನೇ ಹೊರುವುದು, ಪರರಿಗಾಗಿ ಒಂದು ಪಾತ್ರೆಯನ್ನು ಹೆಚ್ಚಾಗಿ ತುಂಬುವುದು, ಯಾರ ಕೈಯಿಂದಾದರೂ ಶುದ್ಧವಾದುದನ್ನು ಸ್ವೀಕರಿಸುವುದು: ಪಥಿಕನ ಧರ್ಮವನ್ನು ಈ ಮೂರರಲ್ಲಿ ಅಡಗಿಸಬಹುದು. ಚೈತ್ರದ ಬಿಸಿಲು ಏರುತ್ತಿರುವ ದಿನಗಳಲ್ಲಿ ವಾಚಕರು ತಮ್ಮ ಮನೆಯ ಜಗಲಿಯ ಮೇಲೆ ಒಂದು ಗಡಿಗೆ ನೀರನ್ನೂ ಒಂದು ಲೋಟವನ್ನೂ ಇರಿಸುವುದಾದರೆ, ಆ ಮೂರರಲ್ಲಿ ಎರಡನೆಯದು ಅಲ್ಲಿಂದಲೇ ಆರಂಭವಾಗುತ್ತದೆ.