ಪಥ್ಯವು ವ್ರತವಾದೀತೇ?

ಆಹಾರವನ್ನು ಬಿಡುವುದೆಲ್ಲವೂ ತಪಸ್ಸಲ್ಲ. ರೋಗಿಯೂ ಅನ್ನವನ್ನು ಬಿಡುತ್ತಾನೆ. ಮನೆಯವರೊಡನೆ ಮುನಿದವನೂ ಬಿಡುತ್ತಾನೆ. ದರಿದ್ರನಿಗೆ ಅನ್ನವೇ ದೊರೆಯುವುದಿಲ್ಲ. ವ್ರತಿಯು ಅನ್ನವಿದ್ದೂ ಅದನ್ನು ತ್ಯಜಿಸುತ್ತಾನೆ. ನಾಲ್ವರ ಎಲೆಯೂ ಬರಿದೇ, ಆದರೆ ನಾಲ್ವರ ಪರಿಣಾಮಗಳು ಬೇರೆ ಬೇರೆ. ಬಂಧವಾಗಲಿ ನಿರ್ಜರೆಯಾಗಲಿ ಎಲೆಯನ್ನು ಅವಲಂಬಿಸಿದುದಲ್ಲ, ಪರಿಣಾಮವನ್ನು ಅವಲಂಬಿಸಿದುದು. ಈ ಮಾತು ನಮ್ಮ ಮನೆಗಳಲ್ಲಿ ಹೊಸದೇನೂ ಅಲ್ಲ. ಆದರೆ ಈಚೆಗೆ ಐದನೆಯವನೊಬ್ಬನು ಈ ಪಂಕ್ತಿಗೆ ಬಂದು ಕುಳಿತಿದ್ದಾನೆ. ಅವನು ದೇಹದ ತೂಕವನ್ನು ಇಳಿಸುವುದಕ್ಕಾಗಿ ಅನ್ನವನ್ನು ಬಿಟ್ಟವನು. ಅವನನ್ನು ಯಾರ ಪಕ್ಕದಲ್ಲಿ ಕುಳ್ಳಿರಿಸಬೇಕೆಂಬುದೇ ಈ ಲೇಖನದ ವಿಚಾರ.

ಈ ಹೊಸ ಪಥ್ಯದ ಮೂಲ ನಮ್ಮ ದೇಶದ್ದಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬ ಗೃಹಸ್ಥನು, ವೈದ್ಯರ ಸಲಹೆಯಂತೆ ರೊಟ್ಟಿ, ಸಕ್ಕರೆ, ಆಲೂಗಡ್ಡೆ ಮೊದಲಾದವುಗಳನ್ನು ಬಿಟ್ಟು ತನ್ನ ಸ್ಥೂಲಕಾಯವನ್ನು ಇಳಿಸಿಕೊಂಡ ಬಗೆಯನ್ನು ಒಂದು ಪುಸ್ತಿಕೆಯಾಗಿ ಪ್ರಕಟಿಸಿದನು. 1972ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಆಟ್ಕಿನ್ಸ್ ಅದೇ ಜಾಡಿನ ಪುಸ್ತಕವೊಂದನ್ನು ಬರೆದು ಬಹು ಪ್ರಸಿದ್ಧರಾದರು. ಅವರು ಅನಂತರ ಸ್ಥಿರಪಡಿಸಿದ ಕ್ರಮದಲ್ಲಿ ನಾಲ್ಕು ಹಂತಗಳಿವೆ. ಮೊದಲ ಹಂತದಲ್ಲಿ ಕನಿಷ್ಠ ಎರಡು ವಾರಗಳ ಕಾಲ ದಿನಕ್ಕೆ ಸುಮಾರು 20 ಗ್ರಾಂ ಶರ್ಕರಪಿಷ್ಟ ಮಾತ್ರ. ಒಂದು ಬಟ್ಟಲು ಅನ್ನದಲ್ಲಿಯೇ ಸುಮಾರು 45 ಗ್ರಾಂ ಇರುವುದೆಂದರೆ ಈ ಮಿತಿಯ ಕಾಠಿಣ್ಯವು ತಿಳಿದೀತು. ಎರಡನೆಯ ಹಂತದಲ್ಲಿ ವಾರವಾರಕ್ಕೆ ದಿನದ ಪ್ರಮಾಣವನ್ನು 5 ಗ್ರಾಂನಂತೆ ಏರಿಸುವುದು. ಉದ್ದೇಶಿಸಿದ ತೂಕವು ಸಮೀಪಿಸಿದಾಗ ಮೂರನೆಯ ಹಂತದಲ್ಲಿ 10 ಗ್ರಾಂನಂತೆ ಏರಿಸುವುದು. ನಾಲ್ಕನೆಯದರಲ್ಲಿ, ತೂಕ ಹೆಚ್ಚದ ಪ್ರಮಾಣವನ್ನು ಕಂಡುಕೊಂಡು ಜೀವಮಾನವಿಡೀ ಅದರಲ್ಲಿಯೇ ನಿಲ್ಲುವುದು.

ಇದರ ವ್ಯಾಪಾರವೂ ಸರಳವಾದುದೇ. ದೇಹವು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಪಿಷ್ಟವನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಅದರೊಡನೆ ಅದರ ಸುಮಾರು ಮೂರು ಪಟ್ಟು ನೀರೂ ಸೇರಿರುತ್ತದೆ. ಅನ್ನ ನಿಂತೊಡನೆ ಈ ಸಂಗ್ರಹವು ಕರಗಿ ನೀರು ಹೊರಟುಹೋಗುತ್ತದೆ. ಮೊದಲ ದಿನಗಳಲ್ಲಿ ತೂಕವು ವೇಗವಾಗಿ ಇಳಿಯುವುದು ಇದರಿಂದ. ಆಮೇಲೆ ದೇಹವು ಕೊಬ್ಬನ್ನು ಉರಿಸತೊಡಗುತ್ತದೆ. ಇದರಿಂದ ಪ್ರಯೋಜನವಿಲ್ಲವೆನ್ನಲಾಗದು. ಆದರೆ ಇದು ಅದ್ಭುತವೂ ಅಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 609 ಜನರನ್ನು ಒಂದು ವರ್ಷ ಪರೀಕ್ಷಿಸಲಾಯಿತು. ಪಿಷ್ಟವನ್ನು ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಕೊಬ್ಬನ್ನು ಕಡಿಮೆ ಮಾಡಿದವರು 5.3 ಕಿಲೋ ಇಳಿದಿದ್ದರು. ಗಣನೀಯವಾದ ಭೇದವು ಕಂಡುಬರಲಿಲ್ಲ.

ಜೈನ ಗೃಹಸ್ಥನಿಗೆ ಈ ಪಥ್ಯವು ಸುಲಭವೂ ಅಲ್ಲ. ಅದು ಹುಟ್ಟಿದ ನಾಡಿನಲ್ಲಿ ಅದರ ಆಧಾರ ಮಾಂಸ, ಮೀನು, ಮೊಟ್ಟೆಗಳು. ಇವು ನಮಗೆ ವಿಚಾರಾರ್ಹವೇ ಅಲ್ಲ. ಉಳಿಯುವುದು ಹಾಲಿನ ಪದಾರ್ಥಗಳು, ಕಡಲೆಕಾಯಿ, ಬಾದಾಮಿ, ಸೊಪ್ಪು, ತರಕಾರಿಗಳು. ಅಷ್ಟಮಿ ಚತುರ್ದಶಿಗಳಲ್ಲಿ ಹಸಿರನ್ನು ಬಿಡುವ ಮನೆಯಲ್ಲಿ, ದ್ವಿದಳದೊಡನೆ ಮೊಸರು ಬೆರೆಸದ ಮನೆಯಲ್ಲಿ, ಅಡುಗೆಯವರಿಗೆ ಇದೊಂದು ಲೆಕ್ಕದ ಸಮಸ್ಯೆಯೇ ಸರಿ. ಆದರೂ ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಿದವರಿಗೆ ವೈದ್ಯರು ಇಂಥ ಪಥ್ಯವನ್ನು ಹೇಳುವುದುಂಟು. ನನಗೂ ಹೇಳಿದರು. ನಾನು ಅದನ್ನು ಹಿಡಿದೆನು.

ಆ ವರ್ಷದ ದಶಲಕ್ಷಣ ಪರ್ವದಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಈ ವಿಚಾರವು ಮುಂದೆ ಸಾಗದು. ಅನಂತ ಚತುರ್ದಶಿಯಂದು ಎಂದಿನಂತೆ ಉಪವಾಸ ಮಾಡಿದ್ದೆನು. ಬಸದಿಯಲ್ಲಿ ಹತ್ತಾರು ಜನರು ಕೈಮುಗಿದು ಅನುಮೋದನೆಯ ಮಾತುಗಳನ್ನು ಆಡಿದ್ದರು. ಮರುದಿನ ಬೆಳಗ್ಗೆ ಸ್ನಾನ ದರ್ಶನಗಳನ್ನು ಮುಗಿಸಿ ಬಂದವನು, ಪಾರಣೆಯ ಎಲೆಯ ಮುಂದೆ ಕೂರುವುದಕ್ಕೆ ಮೊದಲು, ಒಳಕೋಣೆಗೆ ಹೋಗಿ ತೂಕದ ಯಂತ್ರದ ಮೇಲೆ ನಿಂತೆನು. ಮುಳ್ಳು ಒಂದೂವರೆ ಕಿಲೋ ಕೆಳಗೆ ಬಂದಿತ್ತು. ಸಂತೋಷವಾಯಿತು. ಆ ಸಂತೋಷವು ಪೂಜೆಯಲ್ಲಿ ಆದ ಸಂತೋಷಕ್ಕಿಂತ ಹೆಚ್ಚಿನದಾಗಿತ್ತೆಂಬುದು ಹೊಳೆದೊಡನೆ ನಾಚಿಕೆಯಾಯಿತು. ಇಳಿದದ್ದಾದರೂ ಬಹುಭಾಗ ನೀರು. ಎರಡು ದಿನದಲ್ಲಿ ಮರಳಿ ಬರತಕ್ಕದ್ದು. ಅಷ್ಟಕ್ಕಾಗಿ ನಾನು ಚತುರ್ದಶಿಯನ್ನು ಮಾರಿದೆನೇ? ಆ ಹತ್ತಾರು ಜನರು ಅನುಮೋದಿಸಿದ್ದು ಯಾವುದನ್ನು?

ವ್ರತಕ್ಕೂ ಈ ಪಥ್ಯಕ್ಕೂ ಹೊರನೋಟಕ್ಕೆ ಸಾಮ್ಯವಿರುವುದು ನಿಜ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವಮಾನದ ತ್ಯಾಗವನ್ನು ಯಮವೆಂದೂ ವಿಭಾಗಿಸಿದ್ದಾರೆ. ಎರಡು ವಾರಗಳ ಮೊದಲ ಹಂತವು ನಿಯಮದಂತೆಯೂ ಜೀವಮಾನದ ಕೊನೆಯ ಹಂತವು ಯಮದಂತೆಯೂ ತೋರಬಹುದು. ಶ್ರಾವಕನಿಗೂ ಹನ್ನೊಂದು ಪ್ರತಿಮೆಗಳೆಂಬ ಹಂತಗಳಿವೆಯಲ್ಲ ಎಂದೂ ಹೇಳಬಹುದು. ಆದರೆ ಸ್ವಲ್ಪ ನಿಂತು ನೋಡಿದರೆ ಎರಡು ಏಣಿಗಳೂ ವಿರುದ್ಧ ದಿಕ್ಕಿಗೆ ಸಾಗುವುದು ಕಾಣುತ್ತದೆ. ಪಥ್ಯವು ಅತ್ಯಂತ ಬಿಗಿಯಿಂದ ಆರಂಭವಾಗಿ ಸಡಿಲಗೊಳ್ಳುತ್ತ ಹೋಗುತ್ತದೆ. ಪ್ರತಿಮೆಗಳು ಸುಲಭವಾದುದರಿಂದ ಆರಂಭವಾಗಿ, ಹಿಂದಿನದನ್ನು ಬಿಡದೆ, ಬಿಗಿಯಾಗುತ್ತ ಹೋಗುತ್ತವೆ. ಪಥ್ಯದವನು ಬಿಟ್ಟದ್ದು ಎಂದು ಮರಳಿ ದೊರೆತೀತೆಂದು ದಿನ ಎಣಿಸುತ್ತಾನೆ. ಪ್ರತಿಮಾಧಾರಿಯು ಇನ್ನೇನನ್ನು ಬಿಡಬಲ್ಲೆನೆಂದು ತನ್ನ ಶಕ್ತಿಯನ್ನು ಅಳೆಯುತ್ತಾನೆ.

ಮತ್ತೊಂದು ಭೇದವು ಇನ್ನೂ ಸೂಕ್ಷ್ಮವಾದುದು. ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವೊಂದು. ತುಪ್ಪ, ಹಾಲು, ಮೊಸರು, ಎಣ್ಣೆ, ಸಕ್ಕರೆ, ಉಪ್ಪುಗಳಲ್ಲಿ ಕೆಲವನ್ನೋ ಎಲ್ಲವನ್ನೋ ಬಿಟ್ಟು ಸಪ್ಪೆಯ ಅನ್ನವನ್ನು ಉಣ್ಣುವುದು ಅದರ ರೀತಿ. ಈ ಪಥ್ಯವಾದರೋ ಅನ್ನವನ್ನು ಬಿಟ್ಟು ತುಪ್ಪವನ್ನು ಉಳಿಸಿಕೊಳ್ಳುತ್ತದೆ. ಹಸಿವಿಲ್ಲದೆ, ತೃಪ್ತಿಯಾಗಿ ಉಂಡೂ ತೆಳ್ಳಗಾಗಬಹುದೆಂಬುದೇ ಅದರ ಆಕರ್ಷಣೆ. ರಸಪರಿತ್ಯಾಗಿಯು ನಾಲಗೆಯನ್ನು ಗೆಲ್ಲಲು ಹೊರಟವನು. ಪಥ್ಯದವನು ನಾಲಗೆಯೊಡನೆ ಒಪ್ಪಂದ ಮಾಡಿಕೊಂಡವನು. ಭೋಗೋಪಭೋಗ ಪರಿಮಾಣದ ಉದ್ದೇಶವು ರಾಗವನ್ನು ಕ್ಷೀಣಗೊಳಿಸುವುದು. ರಾಗವು ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ವರ್ಗವಾದರೆ ಪರಿಮಾಣವು ಆದಂತಾಗಲಿಲ್ಲ.

ಹಾಗಾದರೆ ದೇಹವನ್ನು ಕಾಪಾಡಿಕೊಳ್ಳುವುದು ದೋಷವೇ ಎಂದು ಕೆಲವರು ಕೇಳಬಹುದು. ಸರ್ವಥಾ ಅಲ್ಲ. ಸಮಂತಭದ್ರ ಸ್ವಾಮಿಗಳಿಗೆ ಭಸ್ಮಕ ರೋಗವು ಬಂದ ಕಥೆಯು ನಮ್ಮ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಎಷ್ಟು ಉಂಡರೂ ಅಡಗದ ಆ ಹಸಿವೆಯಿಂದ ನೊಂದ ಅವರು ಸಲ್ಲೇಖನೆಯನ್ನು ಬೇಡಿದಾಗ, ಗುರುಗಳು ಅನುಮತಿಸದೆ, ಮೊದಲು ರೋಗವನ್ನು ಪರಿಹರಿಸಿಕೊಂಡು ಬಳಿಕ ಮರಳಿ ದೀಕ್ಷೆಯನ್ನು ತೆಗೆದುಕೊಳ್ಳುವಂತೆ ಆಜ್ಞಾಪಿಸಿದರೆಂದು ಆ ಕಥೆ ಹೇಳುತ್ತದೆ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಧರ್ಮಸಾಧನವಾದ ದೇಹದ ರೋಗವನ್ನು ಕಳೆಯುವುದು ತಪ್ಪೆಂದು ಗುರುಗಳು ಎಣಿಸಲಿಲ್ಲ. ಆದರೆ ಆ ಚಿಕಿತ್ಸೆಯನ್ನು ಮುನಿಚರ್ಯೆಯೆಂದು ಕರೆಯಲೂ ಬಿಡಲಿಲ್ಲ. ಚಿಕಿತ್ಸೆಯು ಚಿಕಿತ್ಸೆಯಾಗಿಯೇ ನಡೆಯಿತು, ಚರ್ಯೆಯು ಚರ್ಯೆಯಾಗಿಯೇ ಮರಳಿ ಬಂದಿತು.

ಆದುದರಿಂದ ದೋಷವಿರುವುದು ಪಥ್ಯದಲ್ಲಲ್ಲ, ಬೆರಕೆಯಲ್ಲಿ. ಶಲ್ಯರಹಿತನೇ ವ್ರತಿಯೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಶಲ್ಯಗಳು ಮೂರು: ಮಾಯಾ, ಮಿಥ್ಯಾ, ನಿದಾನ. ಪಥ್ಯಕ್ಕೆ ವ್ರತದ ಹೆಸರಿಟ್ಟು ಗೌರವವನ್ನು ಪಡೆದರೆ ಅದು ಮಾಯೆ. ವ್ರತದಿಂದ ತೆಳ್ಳಗಿನ ದೇಹವನ್ನು ಬಯಸಿದರೆ ಅದು ನಿದಾನದ ದಾರಿ. ವ್ರತದಿಂದ ಆರೋಗ್ಯವೂ ಆಗಬಾರದೆಂದಲ್ಲ. ರಾಗಿಯನ್ನು ಬಿತ್ತಿದವನಿಗೆ ಹುಲ್ಲೂ ದೊರೆಯುತ್ತದೆ, ಅವನು ಅದನ್ನು ಹೊಲದಲ್ಲಿ ಬಿಟ್ಟು ಬರುವುದಿಲ್ಲ. ಆದರೆ ಹುಲ್ಲಿಗಾಗಿಯೇ ಬಿತ್ತಿದವನು ತೆನೆ ಕಟ್ಟುವ ಮೊದಲೇ ಕೊಯ್ದುಬಿಡುತ್ತಾನೆ. ಅನಸ್ತಮಿತ ವ್ರತವನ್ನು ಜೀವದಯೆಗಾಗಿ ಪಾಲಿಸುವವನು, ಜೀರ್ಣಶಕ್ತಿಗೆ ಅದರಿಂದ ಉಪಕಾರವಾಗದಿದ್ದರೂ ಪಾಲಿಸುತ್ತಾನೆ. ಇದೇ ಪರೀಕ್ಷೆ: ತೂಕದ ಮುಳ್ಳು ಕದಲದಿದ್ದರೂ ಈ ಉಪವಾಸವನ್ನು ಮಾಡುತ್ತಿದ್ದೆನೇ ಎಂದು ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕು.

ಈ ಬೆರಕೆಯಿಂದ ಇನ್ನೊಂದು ಅಪಾಯವಿದೆ. ಅದನ್ನು ಹಿರಿಯರು ವಿಶೇಷವಾಗಿ ಗಮನಿಸಬೇಕು. ನಮ್ಮ ಮನೆಗಳಲ್ಲಿ ಉಪವಾಸವನ್ನು ಯಾರೂ ಪ್ರಶ್ನಿಸುವುದಿಲ್ಲ. ಇದು ನಮ್ಮ ಹೆಮ್ಮೆ. ಆದರೆ ಪ್ರಶ್ನೆಯಿಲ್ಲದ ಸ್ಥಳದಲ್ಲಿ ಏನನ್ನಾದರೂ ಬಚ್ಚಿಡಬಹುದು. ಬೆಳೆಯುವ ಮಗಳು ತನ್ನ ರೂಪದ ಬಗೆಗೆ ಅಸಹ್ಯಪಟ್ಟು ಊಟವನ್ನು ತಪ್ಪಿಸುತ್ತ, ಕೇಳಿದರೆ ಏಕಾಶನವೆಂದರೆ, ತಾಯಿ ಸಂತೋಷಪಟ್ಟು ನೆರೆಯವರಿಗೆ ಹೇಳುತ್ತಾಳೆ. ಆ ಮಗುವಿಗೆ ಬೇಕಾದುದು ಪ್ರಶಂಸೆಯಲ್ಲ, ಪಕ್ಕದಲ್ಲಿ ಕುಳಿತು ಮೆಲ್ಲನೆ ವಿಚಾರಿಸುವುದು. ಹಾಗೆಯೇ ಇನ್ಸುಲಿನ್ನನ್ನೋ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನೋ ತೆಗೆದುಕೊಳ್ಳುವವರು, ಮೂತ್ರಪಿಂಡದ ರೋಗವಿರುವವರು, ಗರ್ಭಿಣಿಯರು, ವೈದ್ಯರನ್ನು ಕೇಳದೆ ಅನ್ನವನ್ನು ಬಿಡಬಾರದು. ರಕ್ತದ ಸಕ್ಕರೆ ಏಕಾಏಕಿ ಇಳಿದರೆ ಪ್ರಾಣಕ್ಕೇ ಸಂಚು. ಅದನ್ನು ತಪಸ್ಸಿನ ಕಷ್ಟವೆಂದು ಭ್ರಮಿಸುವುದು ಅವಿವೇಕ.

ಉತ್ಸಾಹದಲ್ಲಿ ಜಿನಬಿಂಬದ ಮುಂದೆ ನಿಂತು ಜೀವಮಾನವಿಡೀ ಅಕ್ಕಿಯನ್ನು ಮುಟ್ಟೆನೆಂದು ಸಂಕಲ್ಪಿಸುವುದೂ ಸರಿಯಲ್ಲ. ಪಥ್ಯವು ಕೆಟ್ಟರೆ ಮೊದಲ ಹಂತಕ್ಕೆ ಮರಳಬಹುದು. ವ್ರತವು ಕೆಟ್ಟರೆ ಆಲೋಚನೆ ಪ್ರಾಯಶ್ಚಿತ್ತಗಳು ಬೇಕಾಗುತ್ತವೆ. ವೈದ್ಯರ ಮಾತು ನಾಳೆ ಬದಲಾಗಬಹುದು. ಬದಲಾಗಬಹುದಾದುದನ್ನು ಬದಲಾಗಬಾರದುದಕ್ಕೆ ಕಟ್ಟಿಹಾಕಬಾರದು.

ಈಗ ನಾನು ನನ್ನ ಪಥ್ಯವನ್ನು ಪಥ್ಯವೆಂದೇ ಹೇಳುತ್ತೇನೆ. ಮದುವೆಯ ಪಂಕ್ತಿಯಲ್ಲಿ ಅನ್ನ ಬೇಡವೆಂದಾಗ ವ್ರತವೇ ಎಂದು ಬಡಿಸುವವರು ಕೇಳಿದರೆ, ಅಲ್ಲ, ಸಕ್ಕರೆ ರೋಗ ಎನ್ನುತ್ತೇನೆ. ಮೊದಲು ಈ ಮಾತು ನಾಲಗೆಗೆ ಬರುತ್ತಿರಲಿಲ್ಲ. ಮೌನದಿಂದ ದೊರೆಯುವ ಗೌರವವು ಅಷ್ಟು ಸವಿಯಾಗಿತ್ತು. ಪರ್ವದ ಹತ್ತು ದಿನಗಳಲ್ಲಿ ತೂಕದ ಯಂತ್ರವು ಅಟ್ಟವನ್ನು ಸೇರುತ್ತದೆ. ವೈದ್ಯರಿಗೆ ಲೆಕ್ಕ ಬೇಕಾದರೆ ಪರ್ವದ ಬಳಿಕ ಒಪ್ಪಿಸಬಹುದು. ಕಳೆದ ಚತುರ್ದಶಿಯ ಉಪವಾಸದಲ್ಲಿ ಎಷ್ಟು ಇಳಿದೆನೋ ನನಗೆ ಗೊತ್ತಿಲ್ಲ. ಪಾರಣೆಯ ಎಲೆಯ ಮುಂದೆ ಕುಳಿತಾಗ ಹಸಿವೆ ಮಾತ್ರ ಇತ್ತು, ಲೆಕ್ಕವಿರಲಿಲ್ಲ. ಮನಸ್ಸು, ಮಾತು, ಕಾಯಗಳು ಒಂದೇ ಆಗಿರುವುದನ್ನು ಉತ್ತಮ ಆರ್ಜವವೆಂದು ಹಿರಿಯರು ಕರೆದರು. ಬರಿದಾದ ಎಲೆಯ ಮುಂದೆಯೂ ಆ ಆರ್ಜವವು ನಮಗೆ ಬೇಕಾಗಿದೆ ಎಂಬುದನ್ನು ಶ್ರಾವಕ ಶ್ರಾವಿಕೆಯರು ವಿಚಾರ ಮಾಡಬೇಕು.