ಯಾರು ಯಾರನ್ನು ನೆನೆಯಬೇಕು?

ಹೊಸಕೋಟೆಯಿರಲಿ, ಬೇರೆ ಊರಿರಲಿ, ಓದು ಮುಗಿಸಿ ಹೊರಡುವ ಮಕ್ಕಳನ್ನು ಕೇಳುವ ಪ್ರಶ್ನೆಯೊಂದಿದೆ: ನಾಳೆ ಜನ ನಿಮ್ಮನ್ನು ಹೇಗೆ ನೆನೆಯಬೇಕು? ಒಳ್ಳೆಯ ಮನುಷ್ಯ ಎಂದು, ಊರಿಗೆ ಹೆಸರು ತಂದವಳು ಎಂದು ಅವರು ಬರೆಯುತ್ತಾರೆ. ಮಕ್ಕಳದೇನೂ ತಪ್ಪಿಲ್ಲ, ಪ್ರಶ್ನೆಯೇ ತಲೆಕೆಳಗಾಗಿದೆ. ನನ್ನನ್ನು ನೆನೆಯುವುದು ಇನ್ನೊಬ್ಬರ ಪಾಲಿನ ಕೆಲಸ. ನಾನು ಬಯಸಬಹುದು, ಮಾಡಲಾರೆ. ನಾನು ಮಾಡಬಹುದಾದದ್ದು ಇನ್ನೊಬ್ಬರನ್ನು ನೆನೆಯುವುದು. ನಮ್ಮ ಹಳೆಯ ಕಲ್ಲುಗಳು ಇದನ್ನು ಬಲ್ಲವು. ದಾನಶಾಸನದಲ್ಲಿ ಕೊಟ್ಟವನ ಹೆಸರು ಬಿರುದುಗಳ ಸಮೇತ ಮೆರೆಯುತ್ತದೆ. ವೀರಗಲ್ಲು ಬೇರೆ ಜಾತಿಯದು. ತುರುಗಾಳಗದಲ್ಲಿ ಮಡಿದವನಿಗೆ ಉಳಿದವರು ನಿಲ್ಲಿಸಿದ್ದು. ಆತಕೂರಿನ ಶಾಸನ ನೋಡಿ. ತಕ್ಕೋಲದ ಯುದ್ಧವಾದ ಮೇಲೆ, 949–50ರ ಹೊತ್ತಿಗೆ, ಗಂಗರ ದೊರೆ ಬೂತುಗನಿಂದ ಅವನ ಯೋಧ ಮಣಲೇರ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಹಂದಿಯೊಡನೆ ಕಾದಾಡಿ ಸತ್ತ ಆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ಕಾಳಿಗೆ ಕೀರ್ತಿಯ ಹಂಬಲ ಇದ್ದಿರಲಾರದು. ಸಾವಿರ ವರ್ಷ ಆ ಹೆಸರನ್ನು ಹೊತ್ತು ತಂದದ್ದು ಒಡೆಯನ ಋಣಪ್ರಜ್ಞೆ.

ನೆನೆಯುವುದಷ್ಟೇ ನಮ್ಮ ಕೆಲಸ ಎಂಬ ಈ ಮಾತಿಗೆ ಗಟ್ಟಿಯಾದ ಆಕ್ಷೇಪ ಹೊಸಕೋಟೆಯ ಕೆರೆ ಏರಿಯ ಮೇಲೇ ಸಿಗುತ್ತದೆ. 1595ರ ಸುಮಾರಿಗೆ ಕೋಟೆಯನ್ನೂ ಕೆರೆಯನ್ನೂ ಕಟ್ಟಿಸಿದನೆನ್ನುವ ಸುಗಟೂರಿನ ತಮ್ಮೇಗೌಡನ ಹೆಸರು ಇಂದಿಗೂ ಇದೆ. ಮಣ್ಣು ಹೊತ್ತವರ ಹೆಸರು ಕೇಳಿದವರಿಲ್ಲ. ಹೆಸರಿನ ಆಸೆ ಬಿಡು ಎನ್ನುವುದು ಹೆಸರುಳ್ಳವರಿಗೆ ಸುಲಭದ ವೇದಾಂತ. ತಲೆಮಾರುಗಳಿಂದ ಲೆಕ್ಕಕ್ಕೇ ಬಾರದ ಮನೆಯ ಹುಡುಗಿಗೆ ಹಾಗೆ ಬೋಧಿಸುವುದು ಅನ್ಯಾಯವಲ್ಲವೇ? ಅನ್ಯಾಯವೇ. ಆದರೆ ಅದನ್ನು ತೊಡೆಯುವ ಹೊಣೆಯನ್ನೂ ಅವಳ ತಲೆಗೇ ಕಟ್ಟುವುದು ಇನ್ನೊಂದು ಅನ್ಯಾಯ. ಬರೆಯಬಲ್ಲವರಾಗಿದ್ದೂ ಬರೆಯದೆ ಹೋದವರ ಸಾಲ ಅದು, ತೀರಿಸಬೇಕಾದವರು ನಾವು. ತೀರಿಸುವ ಬಗೆಯನ್ನು ಬಸವಣ್ಣನಲ್ಲಿ ಕಾಣಬಹುದು. ಅವನ ವಚನಗಳ ಕೊನೆಯಲ್ಲಿ ಅಂಕಿತವಾಗಿ ನಿಲ್ಲುವುದು ಕೂಡಲಸಂಗಮದೇವ, ಬಸವಣ್ಣನಲ್ಲ. ಅದೇ ಬಸವಣ್ಣ ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಹೆಸರು ಹಿಡಿದು ತನ್ನ ಹಿರಿಯರ ಸಾಲಿಗೆ ಸೇರಿಸಿಕೊಂಡ. ತನ್ನ ಹೆಸರನ್ನು ಹಿಂದಿಟ್ಟು ಅವರ ಹೆಸರನ್ನು ಮುಂದಿಟ್ಟದ್ದರಲ್ಲಿ ನನಗೆ ಕಾಣುವ ಧರ್ಮ ಇಷ್ಟು: ವೈರಾಗ್ಯ ತನ್ನ ಬಗ್ಗೆ ಇರಲಿ, ಪರರ ಬಗ್ಗೆ ಬೇಡ. ಕೀರ್ತಿಯ ಆಸೆಯಿಲ್ಲದೆ ಯಾರು ದುಡಿಯುತ್ತಾರೆ ಎಂದು ಕೇಳುವವರೂ ಇದ್ದಾರೆ. ಆ ಏರಿಯನ್ನು ಎತ್ತಿದವರೇ ಅವರಿಗೆ ಉತ್ತರ.

ಆ ಸಾಲ ತೀರಿಸುವುದನ್ನು ಕೆರೆಯಿಂದಲೇ ಆರಂಭಿಸಬಹುದು. ನಮ್ಮ ಕಡೆ ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದವರು ನೀರುಗಂಟಿಗಳು. ಈ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ತಂತಮ್ಮ ಊರಿನ ನೀರುಗಂಟಿಗಳು ಯಾರಾಗಿದ್ದರೆಂದು ಹಿರಿಯರನ್ನು ಕೇಳಿ, ಹೆಸರು ಬರೆದಿಡಲಿ.